ಹಕ್ಕಿದ್ದೂ ಬಿಟ್ಟುಕೊಡುವುದು

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಿಂದ ಒಂದೇ ಸಭೆಯಲ್ಲಿ ಬೆಳೆದವನು. ಆರಾಧನೆಯಲ್ಲಿ ಗಿಟಾರ್ ನುಡಿಸುತ್ತೇನೆ. ನಮ್ಮ ಪ್ರಾರ್ಥನಾ ಕೂಟದಲ್ಲಿ ಕುಡಿತದ ಚಟದಿಂದ ಬಿಡುಗಡೆ ಹೊಂದಿದ ಸ್ನೇಹಿತನೊಬ್ಬನಿದ್ದಾನೆ. ಅವನು ನಮ್ಮ ಮನೆಗೆ ಬರತೊಡಗಿದ ಮೇಲೆ, ಅಪರೂಪಕ್ಕೊಮ್ಮೆ ಊಟದ ಜೊತೆ ಕುಡಿಯುತ್ತಿದ್ದ ವೈನನ್ನು ನಾನು ಪೂರ್ತಿ ಬಿಟ್ಟೆ. ಇತ್ತ ಸಭೆಯ ಹಿರಿಯರೊಬ್ಬರು ನನ್ನ ಗಿಟಾರ್, ನಾನು ಸಿನಿಮಾಕ್ಕೆ ಹೋಗುವುದು, ಕೊನೆಗೆ ನನ್ನ ಉಡುಪು, ಎಲ್ಲದಕ್ಕೂ ‘ನಿನ್ನಿಂದ ನನ್ನ ಆತ್ಮಕ್ಕೆ ಅಡ್ಡಿಯಾಗುತ್ತಿದೆ, ಇವನ್ನೆಲ್ಲ ಬಿಟ್ಟುಬಿಡು’ ಎನ್ನುತ್ತಾರೆ. ಕ್ರಿಸ್ತನು ನಮ್ಮನ್ನು ಸ್ವತಂತ್ರರನ್ನಾಗಿ ಮಾಡಿದ್ದಾನೆ ಎಂದು ಓದುತ್ತೇನೆ. ಆದರೆ ದಿನಕ್ಕೊಂದನ್ನು ಬಿಡುತ್ತಲೇ ಹೋಗಬೇಕೇ? ಇನ್ನೊಂದು ಮಾತು: ಬೆಳಗಿನ ಪ್ರಾರ್ಥನೆಯನ್ನೇ ನೆಟ್ಟಗೆ ನಡೆಸಿಕೊಂಡು ಹೋಗಲಾರದವನು ನಾನು. ಎದ್ದ ಕೂಡಲೇ ಕೈ ಮೊಬೈಲಿಗೆ ಹೋಗುತ್ತದೆ. ನನ್ನನ್ನೇ ಆಳಿಕೊಳ್ಳಲಾಗದ ನಾನು ಇತರರಿಗಾಗಿ ತ್ಯಾಗ ಮಾಡುವುದು ಹೇಗೆ? ಮುಚ್ಚಿಡದೆ ಹೇಳುತ್ತೇನೆ, ಬಿಟ್ಟುಕೊಟ್ಟಾಗ ಎಷ್ಟೋ ಸಲ ಒಳಗೊಳಗೇ ಸಿಟ್ಟು ಬರುತ್ತದೆ.

ಉತ್ತರ: ಪ್ರಿಯ ಸಹೋದರರೇ, ನಿಮ್ಮ ಕೊನೆಯ ವಾಕ್ಯವನ್ನೇ ಮೊದಲು ಹಿಡಿದುಕೊಳ್ಳುತ್ತೇನೆ. ಆ ಸಿಟ್ಟನ್ನು ಪಾಪವೆಂದು ಬಗೆದು ಬೇಗ ಅದುಮಿಬಿಡಬೇಡಿ. ಅದು ನಿಮಗೆ ಏನನ್ನೋ ತೋರಿಸುತ್ತಿದೆ. ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿ ನೋಡಿ. ಸ್ನೇಹಿತನ ವಿಷಯ ಬರೆಯುವಾಗ ‘ವೈನನ್ನು ಪೂರ್ತಿ ಬಿಟ್ಟೆ’ ಎಂದಿದ್ದೀರಿ, ಅಷ್ಟೇ. ಅಲ್ಲಿ ದೂರಿಲ್ಲ, ಲೆಕ್ಕವಿಲ್ಲ. ಹಿರಿಯರ ವಿಷಯಕ್ಕೆ ಬಂದಾಗ ಮಾತ್ರ ‘ಬಿಡುತ್ತಲೇ ಹೋಗಬೇಕೇ’ ಎಂದು ಕೇಳುತ್ತೀರಿ. ಒಂದನ್ನು ನೀವು ಕೊಟ್ಟಿದ್ದೀರಿ, ಇನ್ನೊಂದನ್ನು ನಿಮ್ಮಿಂದ ಕಿತ್ತುಕೊಳ್ಳುತ್ತಿದ್ದಾರೆ. ಮನಸ್ಸಿಗೆ ಈ ವ್ಯತ್ಯಾಸ ಬುದ್ಧಿಗಿಂತ ಮೊದಲೇ ತಿಳಿದಿದೆ.

ತನ್ನದಲ್ಲದ್ದನ್ನು ಯಾರೂ ಕೊಡಲಾರರು. ‘ಇದು ನನ್ನ ಹಕ್ಕು’ ಎಂದು ಖಚಿತವಾಗಿ ಬಲ್ಲವನು ಮಾತ್ರ ಅದನ್ನು ಸಂತೋಷದಿಂದ ಕೆಳಗಿಡಬಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಅಪೊಸ್ತಲ ಪೌಲನು ನಡೆದುಕೊಳ್ಳುವ ರೀತಿ ಇದೇ. ಒಂಬತ್ತನೆಯ ಅಧ್ಯಾಯವನ್ನು ತೆರೆದು ನೋಡಿ. ಸಭೆಯಿಂದ ಅನ್ನ ಪಡೆಯುವ ಹಕ್ಕು ತನಗಿದೆ ಎಂದು ಸಾಧಿಸಲು ಅವನು ವಕೀಲನಂತೆ ವಾದಿಸುತ್ತಾನೆ. ಸ್ವಂತ ಖರ್ಚಿನಲ್ಲಿ ಯುದ್ಧಕ್ಕೆ ಹೋಗುವ ಸಿಪಾಯಿ ಇದ್ದಾನೆಯೇ? ದ್ರಾಕ್ಷಾತೋಟ ನೆಟ್ಟವನು ಅದರ ಹಣ್ಣು ತಿನ್ನದಿರುವನೇ? ಮಂದೆ ಕಾಯುವವನು ಹಾಲು ಕುಡಿಯದಿರುವನೇ? ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡವೆಂದು ಮೋಶೆಯ ಧರ್ಮಶಾಸ್ತ್ರವೇ ಹೇಳುತ್ತದಲ್ಲವೇ? ದೇವಾಲಯದಲ್ಲಿ ಸೇವೆ ಮಾಡುವವರಿಗೆ ದೇವಾಲಯದಿಂದಲೇ ಊಟ. ಕರ್ತನೂ ಅದನ್ನೇ ನೇಮಿಸಿದ್ದಾನೆ. ಇಷ್ಟೆಲ್ಲ ಸಾಕ್ಷ್ಯ ಕೂಡಿಸಿ, ಎದುರಾಳಿ ಬಾಯಿ ತೆರೆಯದಂತೆ ಮಾಡಿ, ಕೊನೆಗೆ ಹೇಳುತ್ತಾನೆ: ಆದರೂ ನಾವು ಈ ಹಕ್ಕನ್ನು ನಡಿಸಲಿಲ್ಲ. ಹಕ್ಕನ್ನು ಅಷ್ಟು ಗಟ್ಟಿಯಾಗಿ ಸ್ಥಾಪಿಸದೆ ಬಿಟ್ಟಿದ್ದರೆ ಅದು ತ್ಯಾಗವೆನಿಸುತ್ತಿರಲಿಲ್ಲ, ಬರಿಯ ಕೈಲಾಗದತನ ಎನಿಸುತ್ತಿತ್ತು.

ಈ ಮಾತು ಯಾರ ಕಿವಿಗೆ ಬಿತ್ತು ಎಂಬುದನ್ನೂ ಗಮನಿಸಬೇಕು. ಕ್ರಿ.ಪೂ. 146ರಲ್ಲಿ ರೋಮನ್ನರು ಹಾಳುಮಾಡಿದ್ದ ಗ್ರೀಕ್ ನಗರ ಕೊರಿಂಥವನ್ನು ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನು ರೋಮನ್ ವಸಾಹತಾಗಿ ಮತ್ತೆ ನೆಲೆಗೊಳಿಸಿದ. ಅಲ್ಲಿ ಬಂದು ನೆಲೆಸಿದವರಲ್ಲಿ ಬಹುಪಾಲು ಜನ ಗುಲಾಮಗಿರಿಯಿಂದ ಬಿಡುಗಡೆಯಾದವರು. ಸ್ವಾತಂತ್ರ್ಯ ಎಂಬುದು ಆ ಊರಿನವರಿಗೆ ಪುಸ್ತಕದ ಮಾತಾಗಿರಲಿಲ್ಲ. ಅಜ್ಜನೋ ಮುತ್ತಜ್ಜನೋ ಬೆವರು ಸುರಿಸಿ ಸಂಪಾದಿಸಿ ಮೊಮ್ಮಕ್ಕಳಿಗೆ ಉಳಿಸಿಹೋದ ಆಸ್ತಿ. ಅಂಥ ಊರಿನ ಸಭೆಯ ಮುಂದೆ ನಿಂತು ‘ನಾನು ಯಾರ ಅಧೀನನಲ್ಲದಿದ್ದರೂ ಎಲ್ಲರಿಗೂ ನನ್ನನ್ನು ದಾಸನನ್ನಾಗಿ ಮಾಡಿಕೊಂಡೆ’ ಎಂದು ಹೇಳುವುದಕ್ಕೆ ಎಂಥ ಎದೆಗಾರಿಕೆ ಬೇಕು! ಮಾತಿಗೆ ತಕ್ಕಂತೆ ಅವನ ಕೈಗಳೂ ಇದ್ದವು. ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿದ್ದುಕೊಂಡು ಗುಡಾರ ಹೊಲಿದು ಅವನು ಹೊಟ್ಟೆ ಹೊರೆದುಕೊಂಡ. ಕೈಕೆಲಸವನ್ನು ಕೀಳಾಗಿ ಕಾಣುತ್ತಿದ್ದ ಊರಿನ ಪ್ರತಿಷ್ಠಿತರಿಗೆ ಇದು ಮುಜುಗರದ ಸಂಗತಿಯಾಗಿತ್ತು. ‘ನಿಮ್ಮಿಂದ ಏನೂ ತೆಗೆದುಕೊಳ್ಳದೆ ಸುವಾರ್ತೆ ಸಾರಿ ನನ್ನನ್ನು ತಗ್ಗಿಸಿಕೊಂಡದ್ದು ಪಾಪವೇ?’ ಎಂದು ಎರಡನೆಯ ಪತ್ರದಲ್ಲಿ ಅವನು ಕೇಳಬೇಕಾಗಿ ಬಂತು. ಬಿಟ್ಟುಕೊಟ್ಟವನಿಗೆ ಮೆಚ್ಚುಗೆ ಸಿಕ್ಕೇ ಸಿಗುತ್ತದೆ ಎಂಬ ನಿರೀಕ್ಷೆಯನ್ನು ನೀವೂ ಇಟ್ಟುಕೊಳ್ಳಬೇಡಿ. ಪೌಲನಿಗೇ ಸಿಗಲಿಲ್ಲ.

ಈಗ ನಿಮ್ಮ ಸ್ನೇಹಿತ ಮತ್ತು ಆ ಹಿರಿಯರ ನಡುವಿನ ವ್ಯತ್ಯಾಸಕ್ಕೆ ಬರುತ್ತೇನೆ. ಮೊದಲನೆಯ ಪತ್ರದ ಎಂಟನೆಯ ಅಧ್ಯಾಯದ ಪ್ರಶ್ನೆ ವಿಗ್ರಹಗಳಿಗೆ ಅರ್ಪಿಸಿದ ಮಾಂಸದ್ದು. ಕೊರಿಂಥದ ದೇವಾಲಯಗಳಲ್ಲಿ ಊಟದ ಕೋಣೆಗಳಿದ್ದವು. ಆರೋಗ್ಯದ ದೇವರಾದ ಅಸ್ಕ್ಲೇಪಿಯಸ್‌ನ ಆಲಯದಲ್ಲಿ ಅಂಥ ಕೋಣೆಗಳು ಉತ್ಖನನದಲ್ಲಿ ಸಿಕ್ಕಿವೆ. ಬಂಧುಮಿತ್ರರ ಔತಣಗಳು ಅಲ್ಲೇ ನಡೆಯುತ್ತಿದ್ದವು. ಸಭೆಯ ತಿಳಿವಳಿಕಸ್ಥರು ಅಲ್ಲಿಗೆ ಹೋಗಿ ಉಣ್ಣುತ್ತಿದ್ದರು. ಅವರ ವಾದದಲ್ಲಿ ತಪ್ಪಿರಲಿಲ್ಲ: ವಿಗ್ರಹ ಎಂಬುದು ಏನೂ ಅಲ್ಲ, ದೇವರು ಒಬ್ಬನೇ. ಪೌಲನು ಅದನ್ನು ಒಪ್ಪುತ್ತಾನೆ. ಆದರೆ ನಿನ್ನೆ ಮೊನ್ನೆಯವರೆಗೆ ಅದೇ ವಿಗ್ರಹದ ಮುಂದೆ ಅಡ್ಡಬಿದ್ದು ಬೆಳೆದವನೊಬ್ಬ ಅದೇ ಸಭೆಯಲ್ಲಿದ್ದಾನೆ. ಅವನಿಗೆ ಆ ಮಾಂಸ ಬರಿಯ ಮಾಂಸವಲ್ಲ. ನೀವು ಅಲ್ಲಿ ಕುಳಿತು ಉಣ್ಣುವುದನ್ನು ಕಂಡು ಅವನೂ ಒಳಗೆ ಹೋಗುತ್ತಾನೆ. ಆದರೆ ಒಳಗಿನ ದನಿ ಬೇಡ ಬೇಡ ಎನ್ನುತ್ತಿರುವಾಗಲೇ ತಿನ್ನುತ್ತಾನೆ. ಪೌಲನು ಇಲ್ಲಿ ಒಂದು ಮಾತನ್ನು ಎರಡು ಸಲ ಬಳಸುತ್ತಾನೆ. ಅಧ್ಯಾಯದ ಆರಂಭದಲ್ಲಿ ಪ್ರೀತಿಯು ಮನುಷ್ಯರನ್ನು ‘ಕಟ್ಟುತ್ತದೆ’ ಎನ್ನುತ್ತಾನೆ. ಮುಂದೆ, ಆ ಬಲಹೀನನ ಮನಸ್ಸಾಕ್ಷಿಯೂ ನಿಮ್ಮನ್ನು ನೋಡಿ ‘ಕಟ್ಟಲ್ಪಡುತ್ತದೆ’ ಎನ್ನುತ್ತಾನೆ, ವಿಗ್ರಹದ ಊಟಕ್ಕೆ ಧೈರ್ಯ ತಂದುಕೊಳ್ಳುವ ಮಟ್ಟಿಗೆ. ಮೂಲ ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಅನುವಾದದಲ್ಲಿ ಅದು ಕಾಣಿಸದೆ ಹೋಗುವುದು ನನಗೆ ಸದಾ ಕೊರತೆಯೆನಿಸಿದೆ, ಏಕೆಂದರೆ ಆ ನೋವಿನ ತಿವಿತವೆಲ್ಲ ಇರುವುದು ಆ ಒಂದು ಪದದಲ್ಲಿ.

ಹಾಗಾದರೆ ಬಲಹೀನ ಎಂದರೆ ಯಾರು? ನಿಮ್ಮನ್ನು ನೋಡಿ ಬೇಸರಪಟ್ಟವನಲ್ಲ. ನಿಮ್ಮನ್ನು ನೋಡಿ, ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದು, ಬೀಳುವ ಅಪಾಯದಲ್ಲಿರುವವನು. ನಿಮ್ಮ ಸ್ನೇಹಿತ ಈ ಅರ್ಥದಲ್ಲಿ ಎದುರಿಗೇ ಇದ್ದಾನೆ. ಕುಡಿತ ಬಿಟ್ಟು ಕೆಲವು ವರ್ಷಗಳಾಗಿದ್ದ ಸಹೋದರನೊಬ್ಬನನ್ನು ನಾನು ಬಲ್ಲೆ. ಯಾವ ಸಮಾರಂಭಕ್ಕೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಒಂದು ಲೋಟ ನೀರು ತುಂಬಿಸಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಕೊನೆಯವರೆಗೂ ಅದನ್ನು ಕೆಳಗಿಡುತ್ತಿರಲಿಲ್ಲ. ಯಾಕೆಂದು ಕೇಳಿದಾಗ ಹೇಳಿದ: ‘ಕೈ ಖಾಲಿ ಇದ್ದರೆ ಯಾರಾದರೂ ಏನಾದರೂ ಕೊಡುತ್ತಾರೆ. ಬೇಡ ಎಂದು ಹನ್ನೆರಡು ಸಲ ಹೇಳಬಲ್ಲೆ. ಹದಿಮೂರನೆಯ ಸಲದ ಬಗ್ಗೆ ನನಗೆ ಭರವಸೆಯಿಲ್ಲ.’ ಆ ಲೋಟವನ್ನು ಅವನು ಎಷ್ಟು ಬಿಗಿಯಾಗಿ ಹಿಡಿದಿರುತ್ತಿದ್ದನೆಂದರೆ ಬೆರಳಿನ ಗೆಣ್ಣುಗಳು ಬಿಳಿಚಿಕೊಂಡಿರುತ್ತಿದ್ದವು. ಅಂಥವನು ಕುಳಿತ ಮೇಜಿನ ಮೇಲೆ ನನ್ನ ಹಕ್ಕನ್ನು ಗಾಜಿನ ಲೋಟದಲ್ಲಿ ಸುರಿದಿಡುವುದು ನನ್ನಿಂದಾಗದು. ಮಾಂಸವನ್ನಾಗಲಿ ದ್ರಾಕ್ಷಾರಸವನ್ನಾಗಲಿ ಸಹೋದರನನ್ನು ಎಡವಿಸುವ ಬೇರಾವುದನ್ನಾಗಲಿ ಬಿಡುವುದೇ ಒಳ್ಳೆಯದೆಂದು ರೋಮಾಪುರದವರಿಗೆ ಬರೆದ ಪತ್ರದ ಹದಿನಾಲ್ಕನೆಯ ಅಧ್ಯಾಯ ಹೇಳುವುದು ಇಂಥವನನ್ನು ಮನಸ್ಸಿನಲ್ಲಿಟ್ಟುಕೊಂಡೇ. ನೀವು ಮಾಡಿದ್ದು ಸರಿ. ಒಂದು ಮಾತು ಮಾತ್ರ ಸೇರಿಸುತ್ತೇನೆ: ‘ನಿನಗೋಸ್ಕರ ಬಿಟ್ಟಿದ್ದೇನೆ’ ಎಂದು ಅವನ ಮುಂದೆ ಎಂದೂ ಹೇಳಬೇಡಿ. ಹೇಳಿದ ಕ್ಷಣದಲ್ಲಿ ನಿಮ್ಮ ತ್ಯಾಗ ಅವನ ಹೆಗಲ ಮೇಲಿನ ಸಾಲವಾಗುತ್ತದೆ, ಅವನು ಆಗಲೇ ಸಾಕಷ್ಟು ಹೊತ್ತಿದ್ದಾನೆ.

ಹಿರಿಯರ ವಿಷಯ ಬೇರೆ. ನಿಮ್ಮ ಗಿಟಾರ್ ಕೇಳಿ ಅವರು ತಾವೂ ಗಿಟಾರ್ ಹಿಡಿದು ಮನಸ್ಸಾಕ್ಷಿಯನ್ನು ಕೆಡಿಸಿಕೊಳ್ಳುವ ಭಯವಿದೆಯೇ? ನಿಮ್ಮನ್ನು ಹಿಂಬಾಲಿಸಿ ಅವರೂ ಸಿನಿಮಾಕ್ಕೆ ಹೋಗಿ ಪಶ್ಚಾತ್ತಾಪದಲ್ಲಿ ಬೇಯುವರೇ? ಇಲ್ಲ. ಅವರಿಗೆ ಅದು ಹಿಡಿಸುವುದಿಲ್ಲ. ಹಿಡಿಸದಿರುವುದು ಅವರ ಹಕ್ಕು. ಆದರೆ ‘ಎಡವುವುದು’ ಎಂಬ ಪೌಲನ ಮಾತನ್ನು ಅದಕ್ಕೆ ಹೊಂದಿಸುವುದು ವಾಕ್ಯವನ್ನು ತಿರುಚಿದಂತೆ. ಸಭೆಗಳಲ್ಲಿ ಈ ಮಾತು ಎಷ್ಟೋ ಬಾರಿ ಬಲಹೀನರ ರಕ್ಷಣೆಯ ಬೇಲಿಯಾಗದೆ ಬಲವುಳ್ಳವರ ಕೈಯ ಕೋಲಾಗಿರುವುದನ್ನು ನಾನು ಕಂಡಿದ್ದೇನೆ, ಕಂಡು ನೊಂದಿದ್ದೇನೆ. ರೋಮಾಪುರದ ಪತ್ರ ಎರಡೂ ಕಡೆಯವರನ್ನು ಒಟ್ಟಿಗೇ ಎಚ್ಚರಿಸುತ್ತದೆ: ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಬಗ್ಗೆ ತೀರ್ಪು ಕೊಡಬಾರದು. ನಿಮ್ಮ ಕಡೆಯ ಅರ್ಧವನ್ನು ನೀವು ಪಾಲಿಸಬೇಕು. ಅವರ ಕಡೆಯ ಅರ್ಧವೂ ಅಲ್ಲೇ ಬರೆದಿದೆ.

ಪೌಲನ ಬದುಕಿನ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಇನ್ನೂ ತಿಳಿಯಾಗುತ್ತದೆ. ತಿಮೊಥೆಯನನ್ನು ಜೊತೆಗೆ ಕರೆದೊಯ್ಯುವಾಗ ಆ ಪ್ರಾಂತ್ಯದ ಯೆಹೂದ್ಯರ ನಿಮಿತ್ತ ಅವನಿಗೆ ಸುನ್ನತಿ ಮಾಡಿಸಿದ. ಯೆಹೂದ್ಯನಲ್ಲದ ಜೊತೆಗಾರ ತೀತನ ವಿಷಯದಲ್ಲಿ ಅದೇ ಸುನ್ನತಿಗೆ ಒಂದು ಗಳಿಗೆಯೂ ಒಪ್ಪಲಿಲ್ಲ. ಮನುಷ್ಯ ಅವನೇ, ಆಚರಣೆಯೂ ಅದೇ, ಆದರೂ ಎರಡು ತೀರ್ಮಾನ. ತಿಮೊಥೆಯನ ಸಂಗತಿಯಲ್ಲಿ ಕೇಳುವವರ ಮನೆಬಾಗಿಲು ತೆರೆಯಬೇಕಿತ್ತು, ಅದಕ್ಕಾಗಿ ಬಗ್ಗಿದ. ತೀತನ ಸಂಗತಿಯಲ್ಲಿ ‘ಇದಿಲ್ಲದೆ ನಿನಗೆ ರಕ್ಷಣೆಯಿಲ್ಲ’ ಎನ್ನುವವರು ಎದುರಿಗಿದ್ದರು, ಅಲ್ಲಿ ಬಗ್ಗಿದ್ದರೆ ಸುವಾರ್ತೆಯೇ ಬಗ್ಗುತ್ತಿತ್ತು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ, ಅಂದರೆ ಯೆಹೂದ್ಯರಲ್ಲದವರೊಂದಿಗೆ, ಉಣ್ಣುತ್ತಿದ್ದವನು, ಯೆರೂಸಲೇಮಿನ ಕಡೆಯಿಂದ ಜನ ಬಂದೊಡನೆ ಪಂಕ್ತಿ ಬಿಟ್ಟು ಎದ್ದ. ಮೇಲುನೋಟಕ್ಕೆ ಅದೂ ಬಿಟ್ಟುಕೊಡುವುದೇ: ಬಂದವರ ಮನ ನೋಯದಿರಲಿ ಎಂದು ತನ್ನ ಸ್ವಾತಂತ್ರ್ಯವನ್ನು ಬಿಟ್ಟಂತೆ. ಪೌಲನು ಅವನನ್ನು ಎಲ್ಲರೆದುರಿಗೇ ಪ್ರತಿಭಟಿಸಿದ, ಏಕೆಂದರೆ ಅದರ ಬೇರು ಪ್ರೀತಿಯಲ್ಲಿರಲಿಲ್ಲ, ಭಯದಲ್ಲಿತ್ತು. ಅದರ ಬೆಲೆ ತೆತ್ತವನೂ ಪೇತ್ರನಲ್ಲ. ಮೇಜಿನ ಬಳಿ ಒಂಟಿಯಾಗಿ ಉಳಿದ ಅನ್ಯಜನ ವಿಶ್ವಾಸಿಗಳು.

ಇದೇ ಸಾಲಿನಲ್ಲಿ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಹೊಡೆತ ತಿನ್ನುವ ಹೆಂಡತಿಗೆ, ದುಡಿಸಿಕೊಂಡು ಕೂಲಿ ಕೊಡದ ಯಜಮಾನನ ಆಳಿಗೆ ‘ನಿನ್ನ ಶಿಲುಬೆಯನ್ನು ಹೊತ್ತುಕೋ’ ಎಂದು ಬುದ್ಧಿ ಹೇಳುವವರಿದ್ದಾರೆ. ಅದು ಕ್ರಿಸ್ತನ ಮಾತನ್ನು ಕ್ರಿಸ್ತನಿಗೇ ವಿರುದ್ಧವಾಗಿ ಬಳಸಿದಂತೆ. ಊಟದ ಹಕ್ಕನ್ನು ಬಿಟ್ಟ ಇದೇ ಪೌಲನು ಫಿಲಿಪ್ಪಿಯಲ್ಲಿ, ವಿಚಾರಣೆಯಿಲ್ಲದೆ ಚಡಿಯೇಟು ತಿಂದ ಮರುದಿನ, ಗುಟ್ಟಾಗಿ ಹೊರಹೋಗಲು ಒಪ್ಪದೆ ಅಧಿಕಾರಿಗಳೇ ಬಂದು ತನ್ನನ್ನು ಹೊರಗೆ ಕರೆದೊಯ್ಯಲಿ ಎಂದು ಪಟ್ಟುಹಿಡಿದ. ಯೆರೂಸಲೇಮಿನಲ್ಲಿ ಕೊರಡೆಯ ಏಟಿಗಾಗಿ ಕಟ್ಟಿದಾಗ ಶತಾಧಿಪತಿಗೆ ತನ್ನ ರೋಮನ್ ಪೌರತ್ವವನ್ನು ನೆನಪಿಸಿದ. ಕೊನೆಗೆ ರೋಮಿನ ಚಕ್ರವರ್ತಿಯಾದ ಕೈಸರನಿಗೇ ಮೊರೆಹೋದ. ಹಕ್ಕನ್ನು ಯಾವಾಗ ಬಿಡಬೇಕು, ಯಾವಾಗ ಹಿಡಿಯಬೇಕು ಎರಡನ್ನೂ ಅವನು ಬಲ್ಲವನಾಗಿದ್ದ. ಅನ್ಯಾಯವನ್ನು ಸಲಹುವ ತ್ಯಾಗವನ್ನು ಯಾರೂ ನಿಮ್ಮಿಂದ ಕೇಳಬಾರದು, ನೀವೂ ಯಾರಿಂದಲೂ ಕೇಳಬಾರದು.

ಹಾಗೆಂದು ಹಿರಿಯರಿಗೆ ‘ನೀವು ಬಲಹೀನರಲ್ಲ, ಹೋಗಿ’ ಎಂದುಬಿಡಲೇ? ತಾಳಿ. ಮತ್ತಾಯನ ಸುವಾರ್ತೆಯ ಹದಿನೇಳನೆಯ ಅಧ್ಯಾಯದ ಕೊನೆಯಲ್ಲೊಂದು ಪುಟ್ಟ ಪ್ರಸಂಗವಿದೆ. ಕಪೆರ್ನೌಮಿನಲ್ಲಿ ದೇವಾಲಯದ ತೆರಿಗೆ ವಸೂಲಿ ಮಾಡುವವರು ಬಂದು, ನಿಮ್ಮ ಗುರು ತೆರಿಗೆ ಕೊಡುವುದಿಲ್ಲವೇ ಎಂದು ಪೇತ್ರನನ್ನು ಕೇಳುತ್ತಾರೆ. ಯೇಸು ಪೇತ್ರನಿಗೆ ಒಂದು ಪ್ರಶ್ನೆ ಹಾಕುತ್ತಾನೆ: ಭೂರಾಜರು ಸುಂಕ ಎತ್ತುವುದು ಯಾರಿಂದ, ತಮ್ಮ ಮಕ್ಕಳಿಂದಲೋ ಪರರಿಂದಲೋ? ಪರರಿಂದ ಎನ್ನುತ್ತಾನೆ ಪೇತ್ರ. ‘ಹಾಗಾದರೆ ಮಕ್ಕಳು ಸ್ವತಂತ್ರರು’ ಎನ್ನುತ್ತಾನೆ ಯೇಸು. ಮೊದಲು ಸ್ವಾತಂತ್ರ್ಯವನ್ನು ಸ್ಪಷ್ಟವಾಗಿ ಹೇಳಿಬಿಟ್ಟ. ಆಮೇಲೆ, ಅವರಿಗೆ ಬೇಸರವಾಗದಂತೆ ಕೊಟ್ಟುಬಿಡೋಣ ಎಂದು ಪೇತ್ರನನ್ನು ಸಮುದ್ರಕ್ಕೆ ಗಾಳ ಹಾಕಲು ಕಳುಹಿಸುತ್ತಾನೆ. ಮೀನಿನ ಬಾಯಲ್ಲಿ ಸಿಕ್ಕ ನಾಣ್ಯ ಇಬ್ಬರ ತೆರಿಗೆಗೆ ಸರಿಯಾಗುತ್ತದೆ. ಇಲ್ಲಿ ಯಾರೂ ಬಲಹೀನರಿಲ್ಲ, ಯಾರ ಆತ್ಮಕ್ಕೂ ಅಪಾಯವಿಲ್ಲ. ಆದರೂ ಆತನು ಕೊಟ್ಟ. ಕೊಡಲೇಬೇಕಾದ ಬಾಧ್ಯತೆ ಇಲ್ಲದ ಕಡೆಯಲ್ಲೂ ಪ್ರೀತಿ ಕೊಡಬಲ್ಲದು. ಆದರೆ ಕ್ರಮ ನೋಡಿ: ಮಗನೆಂಬುದು ಮೊದಲು ಖಚಿತವಾಗಿದೆ, ಕೊಡುವುದು ಆಮೇಲೆ. ಈ ಕ್ರಮ ತಲೆಕೆಳಗಾದಲ್ಲಿ ನೀವು ಹೇಳುವ ಸಿಟ್ಟು ಹುಟ್ಟುತ್ತದೆ. ಹಿರಿಯರಿಗೆ ನೀವು ಏನನ್ನಾದರೂ ಬಿಟ್ಟುಕೊಟ್ಟರೆ ಅದು ಕೊಡುಗೆಯಾಗಿರಲಿ. ಬಾಧ್ಯತೆಯೆಂದು ಅವರೂ ತಿಳಿಯಬಾರದು, ನೀವೂ ತಿಳಿಯಬಾರದು.

ಇನ್ನು ಆತ್ಮಸಂಯಮದ ಮಾತು. ನೀವು ಇದನ್ನು ಬೇರೆ ಪ್ರಶ್ನೆಯೆಂದು ಭಾವಿಸಿದ್ದೀರಿ. ಪೌಲನಿಗೆ ಅದು ಬೇರೆಯಲ್ಲ. ‘ನನ್ನ ಮೈಯನ್ನು ಜಜ್ಜಿ ಸ್ವಾಧೀನಪಡಿಸಿಕೊಳ್ಳುತ್ತೇನೆ’ ಎಂಬ ವಾಕ್ಯವನ್ನು ಯುವಜನರ ಕೂಟಗಳಲ್ಲಿ ಬಿಡಿಯಾಗಿ ಎತ್ತಿಕೊಂಡು ಶಿಸ್ತಿನ ಮೇಲೆ ಪ್ರಸಂಗ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಆದರೆ ಅದು ಬರುವುದು ಕೊರಿಂಥದವರಿಗೆ ಬರೆದ ಅದೇ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದ ಕೊನೆಯಲ್ಲಿ, ಹಕ್ಕುಗಳನ್ನು ಬಿಟ್ಟ ಕಥೆಯ ತುದಿಯಲ್ಲಿ. ಮುಂದಿನ ಅಧ್ಯಾಯದಲ್ಲಿ ಮತ್ತೆ ಅದೇ ಮಾಂಸದ ಚರ್ಚೆ. ಅಧ್ಯಾಯಗಳ ವಿಂಗಡಣೆ ಬಂದದ್ದು ಹದಿಮೂರನೆಯ ಶತಮಾನದಲ್ಲಿ. ಪೌಲನ ಪತ್ರದಲ್ಲಿ ಆ ಗೆರೆಗಳಿರಲಿಲ್ಲ. ಓದುತ್ತಾ ಹೋದರೆ ಕೇಳಿಸುವುದು ಒಂದೇ ವಾದ: ಇತರರಿಗಾಗಿ ಹಕ್ಕನ್ನು ಬಿಡಬಲ್ಲವನಾಗಬೇಕಾದರೆ ತನ್ನ ಮೇಲೆ ತನಗೆ ಹಿಡಿತ ಇರಬೇಕು.

ಅದಕ್ಕೆ ಅವನು ಆರಿಸಿಕೊಂಡ ಚಿತ್ರ ಕೊರಿಂಥದವರ ಕಣ್ಣಮುಂದಿನದು. ಅಲ್ಲಿಂದ ಅರ್ಧ ದಿನದ ನಡಿಗೆಯಷ್ಟು ದೂರದ ಇಸ್ತ್‌ಮಿಯದಲ್ಲಿ ಎರಡು ವರ್ಷಕ್ಕೊಮ್ಮೆ ಸಮುದ್ರದೇವರಾದ ಪೊಸೈಡನ್‌ನ ಹೆಸರಿನಲ್ಲಿ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಪೈನ್ ಮರದ ಎಲೆಗಳ ಕಿರೀಟ. ಕಾಡು ಸೆಲರಿ ಸೊಪ್ಪಿನ ಕಿರೀಟ ತೊಡಿಸುವ ಪದ್ಧತಿಯೂ ಇತ್ತು. ‘ಬಾಡಿಹೋಗುವ ಜಯಮಾಲೆ’ ಎಂದು ಪೌಲನು ಬರೆದಾಗ ಓದುಗರು ಆ ಸೊಪ್ಪಿನ ವಾಸನೆಯನ್ನೇ ನೆನೆದಿರಬೇಕು. ಒಲಿಂಪಿಯದ ಕೂಟಕ್ಕೆ ಬರುವ ಸ್ಪರ್ಧಿಗಳು ಸತತ ಹತ್ತು ತಿಂಗಳು ತರಬೇತಿಯ ನಿಯಮಗಳನ್ನು ಪಾಲಿಸಿದ್ದೇವೆಂದು ಆಣೆಯಿಡಬೇಕಿತ್ತು ಎಂದು ಎರಡನೆಯ ಶತಮಾನದ ಪ್ರವಾಸಿ ಪೌಸಾನಿಯಸ್ ಬರೆದಿಟ್ಟಿದ್ದಾನೆ. ಆ ಹತ್ತು ತಿಂಗಳು ಅವರು ಬಿಟ್ಟದ್ದೇನು? ಕಳ್ಳತನವನ್ನೇ, ಸುಳ್ಳನ್ನೇ? ಬೇಕೆಂದಾಗ ತಿನ್ನುವುದು, ಬೇಕಾದಷ್ಟು ಮಲಗುವುದು, ಗೆಳೆಯರೊಂದಿಗೆ ಹೊತ್ತು ಕಳೆಯುವುದು, ಹೀಗೆ ಯಾರೂ ತಪ್ಪೆನ್ನದ ಸಂಗತಿಗಳನ್ನು. ಪಾಪವನ್ನು ಬಿಡುವುದಕ್ಕೆ ಪಶ್ಚಾತ್ತಾಪ ಎಂಬ ಹೆಸರಿದೆ. ನ್ಯಾಯವಾಗಿ ತನ್ನದೇ ಆದದ್ದಕ್ಕೆ ‘ಈಗ ಬೇಡ’ ಎನ್ನಬಲ್ಲ ಶಕ್ತಿಯೇ ಸಂಯಮ. ಮೇಜಿನ ಬಳಿ ಸಹೋದರನಿಗಾಗಿ ಬೇಕಾಗುವುದೂ ಇದೇ ಶಕ್ತಿ. ಅದನ್ನು ಎಂದೂ ರೂಢಿಸಿಕೊಳ್ಳದವನಿಗೆ ಆ ಗಳಿಗೆಯಲ್ಲಿ ಅದು ಎಲ್ಲಿಂದ ಬರಬೇಕು?

‘ಜಜ್ಜುತ್ತೇನೆ’ ಎಂದು ನಾವು ಓದುವ ಗ್ರೀಕ್ ಪದ ಮುಷ್ಟಿಕಾಳಗದವರದು. ಕಣ್ಣಿನ ಕೆಳಗೆ ಗುದ್ದುವುದು ಎಂದರ್ಥ. ಲೂಕನ ಸುವಾರ್ತೆಯಲ್ಲಿ, ನ್ಯಾಯ ಕೇಳುವ ಆ ವಿಧವೆ ಬಂದು ಬಂದು ನನ್ನನ್ನು ದಣಿಸಿಬಿಟ್ಟಾಳು ಎಂದು ಅನ್ಯಾಯದ ನ್ಯಾಯಾಧಿಪತಿ ಹೇಳುವಾಗಲೂ ಇದೇ ಪದ ಬರುತ್ತದೆ. ದೇಹವನ್ನು ಹಿಂಸಿಸಬೇಕೆಂದು ಇದರಿಂದ ಅರ್ಥ ಮಾಡಿಕೊಂಡವರಿದ್ದಾರೆ, ನಾನು ಒಪ್ಪುವುದಿಲ್ಲ. ‘ಮುಟ್ಟಬೇಡ, ರುಚಿ ನೋಡಬೇಡ, ಹಿಡಿಯಬೇಡ’ ಎಂಬ ವಿಧಿಗಳು ಜ್ಞಾನದಂತೆ ತೋರಿದರೂ ಶರೀರಭಾವವನ್ನು ತಡೆಯಲು ಏನೂ ಪ್ರಯೋಜನವಿಲ್ಲವೆಂದು ಕೊಲೊಸ್ಸೆಯವರಿಗೆ ಬರೆದವನೂ ಅವನೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಸೇವೆಗೆ ಬಂದ ಮೊದಲ ವರ್ಷಗಳಲ್ಲಿ ಬೆಳಗಿನ ಐದರಿಂದ ಆರರವರೆಗೆ ಪ್ರಾರ್ಥನೆಗೆಂದು ಮೀಸಲಿಟ್ಟಿದ್ದೆ. ಒಂದು ದಿನವೂ ತಪ್ಪಿಸಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವೂ ಆಗಿತ್ತು. ಆಗ ನಮ್ಮ ಮಗಳು ಎಂಟು ತಿಂಗಳ ಕೂಸು. ಒಂದು ವಾರ ಅವಳಿಗೆ ಜ್ವರ. ರಾತ್ರಿಯೆಲ್ಲ ನನ್ನ ಹೆಂಡತಿ ಅವಳನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ನಡೆದಾಡುತ್ತಿದ್ದಳು. ಐದಕ್ಕೆ ನಾನೆದ್ದು ಮುಖ ತೊಳೆದು, ಸದ್ದು ಕೇಳಿಸಬಾರದೆಂದು ಬಾಗಿಲು ಹಾಕಿಕೊಂಡು ಮೊಣಕಾಲೂರಿದೆ. ನಾಲ್ಕನೆಯ ದಿನ ಬಾಗಿಲು ತೆರೆದು ಹೊರಗೆ ಬಂದಾಗ ಅವಳು ಗೋಡೆಗೆ ಒರಗಿ ನೆಲದ ಮೇಲೆಯೇ ಕುಳಿತು ನಿದ್ದೆ ಹೋಗಿದ್ದಳು. ಮಗು ತೊಡೆಯ ಮೇಲೆ, ಅವಳ ಒಂದು ಕೈ ಒದ್ದೆ ಬಟ್ಟೆಯನ್ನು ಹಿಡಿದೇ ಇತ್ತು. ಎದ್ದ ಮೇಲೆ ಅವಳು ಒಂದೇ ಮಾತು ಹೇಳಿದಳು: ‘ನಿಮ್ಮ ಪ್ರಾರ್ಥನೆಗೆ ನಾನು ನಿದ್ದೆ ಕೊಡುತ್ತಿದ್ದೇನೆ.’ ನನ್ನ ಶಿಸ್ತಿನ ಬೆಲೆಯನ್ನು ತೆರುತ್ತಿದ್ದವಳು ಅವಳು ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಮರುದಿನ ಐದಕ್ಕೆ ಮಗುವನ್ನು ಎತ್ತಿಕೊಂಡವನು ನಾನು. ಅಂದು ಮಾಡಿದ ಪ್ರಾರ್ಥನೆಗೆ ವಾಕ್ಯಗಳಿರಲಿಲ್ಲ. ಈಗಲೂ ಯಾರಾದರೂ ತಮ್ಮ ಉಪವಾಸ, ಜಾಗರಣೆಗಳ ಬಗ್ಗೆ ಹೇಳಿದಾಗ ನಾನು ಕೇಳುವ ಮೊದಲ ಪ್ರಶ್ನೆ, ಅದರ ಬೆಲೆ ಯಾರು ಕೊಡುತ್ತಿದ್ದಾರೆ ಎಂಬುದೇ.

ನಾಲ್ಕನೆಯ ಶತಮಾನದ ಕೊನೆಯಲ್ಲಿ ಐಗುಪ್ತದ ಮರಳುಗಾಡಿನ ಸಂನ್ಯಾಸಿಗಳನ್ನು ಕಾಣಲು ಹೋದ ಜಾನ್ ಕಾಸಿಯನ್, ಅಲ್ಲಿನ ವೃದ್ಧರು ಅತಿಥಿ ಬಂದೊಡನೆ ದಿನದ ಉಪವಾಸವನ್ನು ಮುರಿದು ಜೊತೆಗೆ ಉಣ್ಣುತ್ತಿದ್ದುದನ್ನು ದಾಖಲಿಸಿದ್ದಾನೆ. ಉಪವಾಸ ಸದಾ ನನ್ನೊಂದಿಗಿರುತ್ತದೆ, ನಿಮ್ಮನ್ನು ಮಾತ್ರ ಸದಾ ಇಟ್ಟುಕೊಳ್ಳಲಾರೆ ಎಂಬುದು ಅವರಲ್ಲೊಬ್ಬರು ಕೊಟ್ಟ ಕಾರಣದ ತಿರುಳು. ಕಠಿಣ ಶಿಸ್ತಿಗೆ ಹೆಸರಾದವರೇ ಅವರು. ಆದರೂ ಅಗತ್ಯ ಬಿದ್ದಾಗ ಬಿಟ್ಟುಕೊಡಬೇಕಾದದ್ದು ತಮ್ಮ ಶಿಸ್ತನ್ನೇ ಎಂಬುದನ್ನು ಅವರು ತಿಳಿದಿದ್ದರು.

ನಿಮ್ಮ ಬೆಳಗುಗಳಿಗೆ ಬರೋಣ. ನಿಮ್ಮನ್ನು ಆಳಿಕೊಳ್ಳಲಾರದವರು ನೀವು ಎಂಬುದನ್ನು ನಾನು ನಂಬುವುದಿಲ್ಲ. ಒಬ್ಬ ಸ್ನೇಹಿತನಿಗಾಗಿ ಒಂದು ಅಭ್ಯಾಸವನ್ನು ಸದ್ದಿಲ್ಲದೆ ಬಿಟ್ಟವರು ನೀವು. ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗುತ್ತಿಲ್ಲ? ಅಲ್ಲಿ ಒಂದು ಮುಖ ಕಣ್ಣೆದುರಿಗಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಬಹುಶಃ ನಿಮ್ಮೆದುರಿಗಿರುವುದು ‘ಒಳ್ಳೆಯ ಕ್ರೈಸ್ತನಾಗಬೇಕು’ ಎಂಬ ನಿಮ್ಮದೇ ಚಿತ್ರ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ದೇವರಾತ್ಮನ ಫಲಗಳ ಪಟ್ಟಿ ಪ್ರೀತಿಯಿಂದ ಆರಂಭವಾಗಿ ಶಮೆದಮೆಯಲ್ಲಿ ಮುಗಿಯುತ್ತದೆ. ನಮ್ಮ ಬೈಬಲಿನ ಭಾಷಾಂತರಕಾರರು ಆರಿಸಿದ ಈ ಪದ ನನಗೆ ಬಹಳ ಪ್ರಿಯ: ಮನಸ್ಸು ಶಾಂತವಾಗುವುದು ಶಮ, ಇಂದ್ರಿಯಗಳು ಹತೋಟಿಗೆ ಬರುವುದು ದಮ, ಒಂದೇ ಪದದಲ್ಲಿ ಎರಡೂ ಇವೆ. ಹಲ್ಲುಕಚ್ಚಿ ಸಾಧಿಸಿದ ದಮ ಶಮವಿಲ್ಲದೆ ಬಹುದಿನ ನಿಲ್ಲುವುದಿಲ್ಲ.

ಆದ್ದರಿಂದ ಚಿಕ್ಕದಾಗಿ ಆರಂಭಿಸಿ. ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಇಡಿ. ಎಚ್ಚರಿಸಲು ಒಂದು ಅಲಾರಂ ಗಡಿಯಾರ ಸಾಕು. ಒಂದು ಗಂಟೆಯ ಸಂಕಲ್ಪ ಮಾಡಬೇಡಿ, ಹತ್ತು ನಿಮಿಷ ಸಾಕು: ಒಂದು ಕೀರ್ತನೆ ಓದಿ, ಆಮೇಲೆ ಆ ದಿನ ನೀವು ಕಾಣಲಿರುವ ಇಬ್ಬರ ಹೆಸರು ಹೇಳಿ ಪ್ರಾರ್ಥಿಸಿ. ಎದ್ದೇಳುವುದಕ್ಕೆ ಅವರೇ ಕಾರಣವಾಗಲಿ. ಒಂದು ದಿನ ತಪ್ಪಿದರೆ ಮರುದಿನ ಇಪ್ಪತ್ತು ನಿಮಿಷ ಮಾಡಿ ಸರಿದೂಗಿಸಲು ಹೋಗಬೇಡಿ, ಅದು ವ್ಯಾಪಾರವಾಗುತ್ತದೆ. ವಾರಕ್ಕೊಂದು ಹೊತ್ತಿನ ಊಟ ಬಿಡುವುದಾದರೆ ಅದನ್ನೂ ಯಾರದೋ ಮುಖಕ್ಕೆ ಜೋಡಿಸಿ. ಎರಡನೆಯ ಶತಮಾನದಲ್ಲಿ ರೋಮಾಪುರದ ವಿಶ್ವಾಸಿಗಳು ಓದುತ್ತಿದ್ದ ಬರಹವೊಂದರಲ್ಲಿ ಒಂದು ಸಲಹೆಯಿದೆ: ಉಪವಾಸದ ದಿನ ನೀನು ತಿನ್ನಬೇಕಾಗಿದ್ದ ಊಟದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥನಿಗೋ ಕೊರತೆಯಲ್ಲಿರುವವನಿಗೋ ಕೊಡು. ಹಸಿದವನಿಗೆ ಅನ್ನವನ್ನು ಹಂಚುವುದೇ ನಾನು ಮೆಚ್ಚುವ ಉಪವಾಸವೆಂದು ಯೆಶಾಯನ ಐವತ್ತೆಂಟನೆಯ ಅಧ್ಯಾಯದಲ್ಲಿ ದೇವರೇ ಹೇಳಿದ್ದರ ಮುಂದುವರಿಕೆ ಅದು. ಹೀಗೆ ಬಿಟ್ಟ ಊಟ ಇ‌ನ್ನೊಬ್ಬರ ತಟ್ಟೆಗೆ ಹೋದಾಗ ಹಸಿವೆಗೂ ಒಂದು ಅರ್ಥ ಬರುತ್ತದೆ. ಅಡವಿಯಲ್ಲಿ ನಲವತ್ತು ದಿನ ಹಸಿದಾಗ ತನಗಾಗಿ ಒಂದು ಕಲ್ಲನ್ನೂ ರೊಟ್ಟಿ ಮಾಡಿಕೊಳ್ಳದ ಯೇಸು, ಹಸಿದ ಐದು ಸಾವಿರ ಮಂದಿಯೆದುರು ರೊಟ್ಟಿ ಮುರಿಯಲು ಹಿಂದೆಮುಂದೆ ನೋಡಲಿಲ್ಲ.

ಸಿನಿಮಾ ಮತ್ತು ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ನಿಮ್ಮ ಮನಸ್ಸಾಕ್ಷಿ ದೇವರ ಮುಂದೆ ನಿರ್ಮಲವಾಗಿದ್ದರೆ ಅದು ನಿಮಗೂ ಆತನಿಗೂ ಬಿಟ್ಟದ್ದು. ಆದರೆ ಆ ಹಿರಿಯರನ್ನು ಅವರ ದೂರುಗಳಿಂದಷ್ಟೇ ಅಳೆಯಬೇಡಿ. ಒಂದು ಸಂಜೆ ಗಿಟಾರಿಲ್ಲದೆ, ವಾದವಿಲ್ಲದೆ ಅವರ ಮನೆಗೆ ಹೋಗಿ. ಅವರು ಯಾವಾಗ ವಿಶ್ವಾಸಕ್ಕೆ ಬಂದರು, ಕಷ್ಟದ ದಿನಗಳಲ್ಲಿ ಯಾವ ಹಾಡು ಅವರನ್ನು ಹಿಡಿದು ನಿಲ್ಲಿಸಿತು ಎಂದು ಕೇಳಿ. ಇಂಥ ವಿರೋಧದ ಹಿಂದೆ ಎಷ್ಟೋ ಸಲ ಒಂದು ನಷ್ಟವಿರುತ್ತದೆ. ತನಗೆ ಪರಿಚಿತವಾದ ಆರಾಧನೆ ಕಣ್ಣೆದುರಿಗೇ ಬದಲಾಗುತ್ತಿರುವಾಗ ತನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂಬ ನೋವು. ‘ಗಿಟಾರನ್ನು ನಾನು ಬಿಡುವುದಿಲ್ಲ, ಇದು ನನಗೆ ದೇವರ ವರ’ ಎಂದು ಮೆಲ್ಲಗೆ, ಮುಚ್ಚುಮರೆಯಿಲ್ಲದೆ ಹೇಳಿ. ಆಮೇಲೆ ಒಂದು ಭಾನುವಾರ, ಅವರು ಹೇಳಿದ ಆ ಹಳೆಯ ಹಾಡನ್ನು ಅವರಿಗೆ ರೂಢಿಯಿದ್ದ ಧಾಟಿಯಲ್ಲಿ, ವಾದ್ಯವಿಲ್ಲದೆ, ಅವರ ಪಕ್ಕದಲ್ಲೇ ನಿಂತು ಹಾಡಿ. ಮರುವಾರ ಗಿಟಾರನ್ನು ಎಂದಿನಂತೆ ತನ್ನಿ.